ಬರ್ಕಿಟ್ ನಕಾಶೆ ಮತ್ತು ಕಡಲೆಕಾಯಿಯ ಬೂಷ್ಟು

(ಊರಿನ ಗ್ರಂಥಾಲಯದಲ್ಲಿ ಆಡಿದ ಮಾತಿನ ಬರಹ ರೂಪ. ಮಾತು ಮುಗಿದ ಮೇಲೆ ಬಂದ ಕೆಲವು ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕ್ಯಾನ್ಸರ್ ಬಗ್ಗೆ ಮಾತಾಡಿ ಅಂತ ಕರೆದವರು ಒಂದು ಷರತ್ತನ್ನೂ ಹಾಕಿದ್ದಾರೆ. ಜನರನ್ನು ಹೆದರಿಸಬಾರದಂತೆ. ಸರಿ, ಹಾಗಾದರೆ ಒಬ್ಬ ಡಾಕ್ಟರ ಕತೆಯಿಂದ ಶುರು ಮಾಡೋಣ. ವೈರಸ್ಸಿಗೂ ಕ್ಯಾನ್ಸರಿಗೂ ಏನು ಸಂಬಂಧ, ಊಟಕ್ಕೂ ಕ್ಯಾನ್ಸರಿಗೂ ಏನು ಸಂಬಂಧ ಎಂಬ ಎರಡೂ ಪ್ರಶ್ನೆ ಇವರೊಬ್ಬರ ಬದುಕಿನಲ್ಲೇ ಸಿಗುತ್ತವೆ.

ಡೆನಿಸ್ ಬರ್ಕಿಟ್ ಅಂತ ಹೆಸರು. ಐರ್ಲೆಂಡಿನವರು. ಹುಡುಗರಾಗಿದ್ದಾಗಲೇ ಏಟು ಬಿದ್ದು ಒಂದು ಕಣ್ಣು ಹೋಗಿತ್ತು. ಆದರೂ ಸರ್ಜನ್ ಆದರು, ಉಗಾಂಡಾಕ್ಕೆ ಹೋದರು. 1957ರಲ್ಲಿ ಕಂಪಾಲಾದ ಮುಲಾಗೋ ಆಸ್ಪತ್ರೆಯಲ್ಲಿ ಅವರಿಗೆ ಒಬ್ಬ ಚಿಕ್ಕ ಹುಡುಗನನ್ನು ತೋರಿಸಿದರು. ದವಡೆ ಎಡಕ್ಕೂ ಬಲಕ್ಕೂ, ಮೇಲೂ ಕೆಳಗೂ ಊದಿತ್ತು. ಕೀವು ತುಂಬಿದ್ದರೆ ಒಂದೇ ಕಡೆ ಊದಬೇಕು. ಗಡ್ಡೆ ಆದರೂ ಒಂದು ಕಡೆ ಇರಬೇಕು. ನಾಲ್ಕು ಕಡೆ ಯಾಕೆ? ತಲೆಬುಡ ಗೊತ್ತಾಗಲಿಲ್ಲ. ಸ್ವಲ್ಪ ದಿನಕ್ಕೆ ಜಿಂಜಾ ಎಂಬ ಊರಿನ ಆಸ್ಪತ್ರೆಗೆ ಹೋಗಿದ್ದಾಗ, ಕಿಟಕಿಯಿಂದ ಆಚೆ ಅಂಥದೇ ಮುಖದ ಇನ್ನೊಂದು ಮಗು ಕಾಣಿಸಿತು. ಒಂದು ಮಗು ಆದರೆ ವಿಚಿತ್ರ ಅಂತ ಬಿಡಬಹುದು. ಎರಡಾದರೆ ಬಿಡುವ ಹಾಗಿಲ್ಲ.

ಬರ್ಕಿಟ್ ಮಾಡಿದ್ದು ಬಹಳ ಸರಳ ಕೆಲಸ. ಫೋಟೋ ಹಾಕಿದ ಕರಪತ್ರ ಅಚ್ಚು ಹಾಕಿಸಿ ಆಫ್ರಿಕಾದ ಆಸ್ಪತ್ರೆಗಳಿಗೆಲ್ಲ ಕಳಿಸಿದರು. "ಇಂಥ ಮಗುವನ್ನು ನೋಡಿದ್ದೀರಾ?" ಉತ್ತರ ಬಂದ ಊರಿಗೆಲ್ಲ ನಕಾಶೆಯಲ್ಲಿ ಗುರುತು ಹಾಕಿದರು. ಆಮೇಲೆ 1961ರಲ್ಲಿ ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ಹಳೇ ಕಾರಿನಲ್ಲಿ ಹೊರಟರು. ಸುಮಾರು 10,000 ಮೈಲಿ. ದಾರಿಯಲ್ಲಿ ಸಿಕ್ಕ ಆಸ್ಪತ್ರೆಗಳಲ್ಲೆಲ್ಲ ವಿಚಾರಿಸಿದರು. ನಕಾಶೆ ಪೂರ್ತಿ ಆಗುವ ಹೊತ್ತಿಗೆ ಆಫ್ರಿಕಾದ ನಡುವೆ ಒಂದು ಪಟ್ಟಿ ಕಂಡಿತು. ಚಳಿ ಜಾಸ್ತಿ ಇರುವ ಎತ್ತರದ ಜಾಗದಲ್ಲಿ ಈ ಕಾಯಿಲೆ ಇಲ್ಲ. ಮಳೆ ಕಡಿಮೆ ಇರುವ ಒಣ ನೆಲದಲ್ಲೂ ಇಲ್ಲ. ಬೆಚ್ಚಗೆ, ಒದ್ದೆಯಾಗಿ ಇರುವ ಕಡೆ ಮಾತ್ರ ಇದೆ. ಅಂದರೆ ಸೊಳ್ಳೆ ಇರುವ ಕಡೆ!

ಆ ಊತ ಮಕ್ಕಳಿಗೆ ಬರುವ ಒಂದು ಕ್ಯಾನ್ಸರ್, ಈಗ ಬರ್ಕಿಟ್ ಲಿಂಫೋಮಾ ಅಂತಾರೆ. ಕ್ಯಾನ್ಸರಿಗೆ ಮಳೆ, ಚಳಿಯ ಲೆಕ್ಕ ಯಾಕೆ ಬೇಕು? ಸೋಂಕು ಆಗಿದ್ದರೆ ತಾನೇ ಬೇಕಾಗುವುದು.

ಅದೇ 1961ರ ಮಾರ್ಚ್ ತಿಂಗಳಲ್ಲಿ ಬರ್ಕಿಟ್ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಈ ಮಕ್ಕಳ ಬಗ್ಗೆ ಮಾತಾಡಿದ್ದರು. ಕೇಳಲು ಬಂದವರಲ್ಲಿ ಆಂಟನಿ ಎಪ್‌ಸ್ಟೈನ್ ಒಬ್ಬರು. ಕೋಳಿಗೆ ಗಡ್ಡೆ ಬರಿಸುವ ವೈರಸ್ಸಿನ ಮೇಲೆ ಕೆಲಸ ಮಾಡುತ್ತಿದ್ದವರು. ಆ ಕೋಳಿ ವೈರಸ್ಸನ್ನು ಪೇಟನ್ ರೌಸ್ 1911ರಲ್ಲೇ ತೋರಿಸಿದ್ದರು. ಯಾರೂ ಅಷ್ಟಾಗಿ ತಲೆ ಕೆಡಿಸಿಕೊಂಡಿರಲಿಲ್ಲ. ರೌಸ್‌ಗೆ ನೊಬೆಲ್ ಬಂದದ್ದು 1966ರಲ್ಲಿ, 55 ವರ್ಷ ಕಳೆದ ಮೇಲೆ. ನೊಬೆಲ್ ಬೇಕಾದವರು ಆಯಸ್ಸು ಗಟ್ಟಿ ಮಾಡಿಕೊಳ್ಳಬೇಕು.

ಉಗಾಂಡಾದಿಂದ ವಿಮಾನದಲ್ಲಿ ಗಡ್ಡೆಯ ಚೂರುಗಳು ಲಂಡನ್ನಿಗೆ ಬರತೊಡಗಿದವು. ಎರಡು ವರ್ಷಕ್ಕೂ ಮೇಲೆ ಏನೂ ಸಿಗಲಿಲ್ಲ. 1963ರ ಡಿಸೆಂಬರಿನಲ್ಲಿ ಮಂಜು ಕವಿದು ವಿಮಾನ ಮ್ಯಾಂಚೆಸ್ಟರಿಗೆ ಹೋಯಿತು. ಚೂರು ಕೈ ಸೇರುವಾಗ ಸೀಸೆಯ ನೀರು ಕದಡಿಹೋಗಿತ್ತು. ಬ್ಯಾಕ್ಟೀರಿಯಾ ಸೇರಿ ಹಾಳಾಗಿದೆ ಅಂತ ಚೆಲ್ಲಬೇಕು, ಅಷ್ಟೇ. ಎಪ್‌ಸ್ಟೈನ್ ಚೆಲ್ಲುವ ಮುಂಚೆ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕದಡಿದ್ದು ಬ್ಯಾಕ್ಟೀರಿಯಾದಿಂದ ಅಲ್ಲ, ಗಡ್ಡೆಯಿಂದ ಬಿಡಿಸಿಕೊಂಡು ತೇಲುತ್ತಿದ್ದ ಜೀವಂತ ಕೋಶಗಳಿಂದ. ಅವನ್ನೇ ಬೆಳೆಸಿದರು. 1964ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ವೈರಸ್ ಕಂಡಿತು. ಜೊತೆಗೆ ದುಡಿದ ಬರ್ಟ್ ಅಚಾಂಗ್ ಮತ್ತು ಇವೋನ್ ಬಾರ್ ಅವರೂ ಆ ವರದಿಯಲ್ಲಿ ಇದ್ದಾರೆ. ಮನುಷ್ಯನ ಕ್ಯಾನ್ಸರಿನಲ್ಲಿ ಸಿಕ್ಕ ಮೊದಲ ವೈರಸ್ ಇದು. ಎಪ್‌ಸ್ಟೈನ್-ಬಾರ್ ವೈರಸ್ ಅಂತ ಹೆಸರಾಯಿತು.

ಇಲ್ಲೊಂದು ತೊಡಕು ಬಂತು. ಹುಡುಕುತ್ತಾ ಹೋದರೆ ಈ ವೈರಸ್ ಎಲ್ಲರಲ್ಲೂ ಇದೆ. ಪ್ರಪಂಚದ ನೂರಕ್ಕೆ 90ಕ್ಕೂ ಹೆಚ್ಚು ವಯಸ್ಕರ ಮೈಯಲ್ಲಿದೆ. ಇಲ್ಲಿ ಕೂತಿರುವ ಹೆಚ್ಚುಕಡಿಮೆ ಎಲ್ಲರಲ್ಲೂ ಇದೆ, ನನ್ನಲ್ಲೂ ಇರಬೇಕು. ಹಾಗಿದ್ದೂ ನಮಗ್ಯಾರಿಗೂ ದವಡೆ ಊದಲಿಲ್ಲ ಅಲ್ವಾ? ನಕಾಶೆಯನ್ನು ಮತ್ತೆ ನೋಡಿದಾಗ ಉತ್ತರ ಸಿಕ್ಕಿತು. ಆ ಪಟ್ಟಿ ವರ್ಷವಿಡೀ ಮಲೇರಿಯಾ ಕಾಡುವ ಪಟ್ಟಿಯೂ ಹೌದು. ಮಲೇರಿಯಾ ಪದೇ ಪದೇ ಬಂದರೆ ರಕ್ತದ ಬಿ ಕೋಶಗಳು (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು) ಎಡೆಬಿಡದೆ ಒಡೆದು ಹೆಚ್ಚುತ್ತಿರುತ್ತವೆ. ವೈರಸ್ ಅದೇ ಕೋಶದೊಳಗೆ ಕೂತು, ಸಾಯಬೇಕಾದ ಕೋಶವನ್ನು ಸಾಯಲು ಬಿಡುವುದಿಲ್ಲ. ಹೀಗೆ ಒಡೆಯುತ್ತಾ ಇರುವಾಗ ಒಂದು ಸಲ ಕ್ರೋಮೋಸೋಮುಗಳ ತುಂಡು ಅದಲುಬದಲಾಗಿ ಅಂಟಿಕೊಂಡರೆ ಕ್ಯಾನ್ಸರ್ ಶುರು.

ಮನೆಗೆ ಕಳ್ಳ ಬರಬೇಕಾದರೆ ಒಳಗಿನಿಂದ ಚಿಲಕ ತೆಗೆಯುವವನೊಬ್ಬ ಇರುತ್ತಾನಲ್ಲ, ವೈರಸ್ಸಿಗೂ ಹಾಗೇ ಒಬ್ಬ ಜೊತೆಗಾರ ಬೇಕು. ನಾನು ಇವತ್ತು ಹೇಳಬೇಕೆಂದಿರುವುದು ಈ ಜೊತೆಗಾರರ ಬಗ್ಗೆಯೇ. ಯಾಕೆ ಅಂತೀರಾ? ಇಬ್ಬರು ಸೇರಿದರೆ ಮಾತ್ರ ಆಗುವ ಕೆಲಸವನ್ನು ತಪ್ಪಿಸಲು ಒಬ್ಬನನ್ನು ತಡೆದರೆ ಸಾಕು.

ಇದಕ್ಕೆ ನಮ್ಮ ಕಡೆಯವರಿಗೆ ಚೆನ್ನಾಗಿ ಅರ್ಥವಾಗುವ ಉದಾಹರಣೆ ಲಿವರ್ ಕ್ಯಾನ್ಸರ್. ಇಲ್ಲಿ ವೈರಸ್ಸೂ ಇದೆ, ಊಟವೂ ಇದೆ.

ವೈರಸ್ಸು ಹೆಪಟೈಟಿಸ್ ಬಿ. ಊಟದ ಕಡೆಯಿಂದ ಬರುವುದು ಅಫ್ಲಾಟಾಕ್ಸಿನ್ ಎಂಬ ವಿಷ. ಕಡಲೆಕಾಯಿ, ಮೆಕ್ಕೆಜೋಳ ಸರಿಯಾಗಿ ಒಣಗದೆ ಚೀಲ ಸೇರಿದರೆ ಬೂಷ್ಟು ಬರುತ್ತದಲ್ಲ, ಅದರಲ್ಲಿ ಆಸ್ಪರ್ಜಿಲಸ್ ಜಾತಿಯ ಬೂಷ್ಟು ಈ ವಿಷ ಮಾಡುತ್ತದೆ. ಇದು ಬಯಲಾದದ್ದು 1960ರಲ್ಲಿ. ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಮೇವಿಗೆ ಹಾಕಿದ್ದ ಬ್ರೆಜಿಲ್‌ನ ಕಡಲೆಕಾಯಿ ಹಿಂಡಿಯಲ್ಲಿ ವಿಷ ಇತ್ತು. ನಮ್ಮ ದೇಶದಲ್ಲಿ 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿಯ ಬುಡಕಟ್ಟು ಹಳ್ಳಿಗಳಲ್ಲಿ ಅಕಾಲ ಮಳೆಗೆ ಮೆಕ್ಕೆಜೋಳ ನೆನೆಯಿತು. ಬೇರೆ ಕಾಳಿಲ್ಲದೆ ಜನ ಅದನ್ನೇ ತಿಂದರು. ಕಾಮಾಲೆ ಬಂದ 397 ಜನರಲ್ಲಿ 106 ಜನ ತೀರಿಕೊಂಡರು. ಇದು ಒಂದೇ ಸಲಕ್ಕೆ ಜಾಸ್ತಿ ವಿಷ ಹೋದಾಗ ಆಗುವುದು. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಹೋದರೆ ಕ್ಯಾನ್ಸರ್.

ಶಾಂಘೈನಲ್ಲಿ 18,000ಕ್ಕೂ ಹೆಚ್ಚು ಗಂಡಸರ ಮೂತ್ರ, ರಕ್ತ ತೆಗೆದಿಟ್ಟು ವರ್ಷಗಳ ಕಾಲ ಗಮನಿಸಿದರು. ಅಫ್ಲಾಟಾಕ್ಸಿನ್ ಮಾತ್ರ ಸಿಕ್ಕವರಿಗೆ ಲಿವರ್ ಕ್ಯಾನ್ಸರಿನ ಅಪಾಯ ಮೂರೂವರೆ ಪಟ್ಟಿನ ಹತ್ತಿರ. ಹೆಪಟೈಟಿಸ್ ಬಿ ಮಾತ್ರ ಇದ್ದವರಿಗೆ ಏಳು ಪಟ್ಟು. ಎರಡೂ ಇದ್ದವರಿಗೆ? ಮೂರೂವರೆ ಮತ್ತು ಏಳು ಕೂಡಿದರೆ ಹತ್ತೂವರೆ, ಗುಣಿಸಿದರೆ ಇಪ್ಪತ್ತೈದರ ಹತ್ತಿರ. ಬಂದ ಉತ್ತರ 59 ಪಟ್ಟು.

ಇನ್ನು ತಡೆಯುವ ಕಡೆಗೆ ಬರೋಣ. ತೈವಾನ್ 1984ರಲ್ಲಿ ಹಸುಗೂಸುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಲು ಶುರು ಮಾಡಿತು. ಹತ್ತೇ ವರ್ಷದಲ್ಲಿ 6ರಿಂದ 14 ವರ್ಷದ ಮಕ್ಕಳ ಲಿವರ್ ಕ್ಯಾನ್ಸರ್ ಅರ್ಧಕ್ಕೆ ಇಳಿಯಿತು. ಲಸಿಕೆಯೊಂದು ಕ್ಯಾನ್ಸರನ್ನು ತಡೆದದ್ದು ಲೆಕ್ಕದಲ್ಲಿ ಕಂಡದ್ದು ಅದೇ ಮೊದಲು. ಚೀನಾದ ಚಿಡಾಂಗ್ ಎಂಬ ಕಡೆ ಇನ್ನೊಂದು ನಡೆಯಿತು. 1980ರ ದಶಕದಲ್ಲಿ ಸರ್ಕಾರದ ಧೋರಣೆ ಸಡಿಲವಾಗಿ, ಮೆಕ್ಕೆಜೋಳ ತಿನ್ನುತ್ತಿದ್ದ ಜನ ಅಕ್ಕಿಗೆ ತಿರುಗಿದರು. ರಕ್ತದಲ್ಲಿ ಅಫ್ಲಾಟಾಕ್ಸಿನ್ ಗುರುತು ಹೆಚ್ಚುಕಡಿಮೆ ಮಾಯವಾಯಿತು. ಲಸಿಕೆ ಬರುವ ಮುಂಚೆ ಹುಟ್ಟಿದವರಲ್ಲೇ ಲಿವರ್ ಕ್ಯಾನ್ಸರಿನ ಸಾವು ಅರ್ಧಕ್ಕಿಂತ ಕೆಳಗೆ ಬಂತು. ವೈರಸ್ ಮೈಯಲ್ಲಿ ಹಾಗೇ ಇತ್ತು, ಜೊತೆಗಾರ ಹೋಗಿದ್ದ. ನನ್ನ ಮಟ್ಟಿಗೆ ಆಹಾರ ಮತ್ತು ಕ್ಯಾನ್ಸರಿನ ವಿಷಯದಲ್ಲಿ ಇದಕ್ಕಿಂತ ಗಟ್ಟಿಯಾದ ಕತೆ ಇಲ್ಲ. ವಿಚಿತ್ರ ಅಂದರೆ ಇದನ್ನು ಯಾವ ವಾಟ್ಸಾಪ್ ಗುಂಪೂ ಹಂಚುವುದಿಲ್ಲ.

ಚಳ್ಳಕೆರೆ, ಪಾವಗಡದ ಕಡೆಯವರು ಇಲ್ಲಿದ್ದರೆ ಅವರಿಗೆ ಒಂದು ಮಾತು. ಹುರಿದರೆ ಬೂಷ್ಟು ಸಾಯುತ್ತದೆ, ಆದರೆ ಅದು ಬಿಟ್ಟ ವಿಷ ಪೂರ್ತಿ ಹೋಗುವುದಿಲ್ಲ. ಸುಕ್ಕಾದ, ಬಣ್ಣ ಕೆಟ್ಟ, ಕಹಿ ಬೀಜವನ್ನು ಉಗಿಯುತ್ತೇವಲ್ಲ, ಅದು ಸರಿಯಾದ ಅಭ್ಯಾಸವೇ. ಎಣ್ಣೆ ತೆಗೆದಾಗ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಹಿಂಡಿ ತಿಂದ ಹಸುವಿನ ಹಾಲಿಗೂ ಸ್ವಲ್ಪ ಬರುತ್ತದೆ. ಆದ್ದರಿಂದ ನಮಗೆ ಬೇಡವಾದ ಬೂಷ್ಟು ಹಿಡಿದ ಕಾಯಿ ಹಸುವಿಗಿರಲಿ ಅನ್ನುವುದು ಲೆಕ್ಕಕ್ಕೆ ಬರುವ ಉಪಾಯ ಅಲ್ಲ.

ಈಗ ಗರ್ಭಕೊರಳಿನ ಕ್ಯಾನ್ಸರ್. ಇದರ ವೈರಸ್ ಎಚ್‌ಪಿವಿ, ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಲೈಂಗಿಕ ಸಂಪರ್ಕದಿಂದ ಹರಡುವಂಥದ್ದು. ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ 1983ರಲ್ಲಿ 16ನೇ ತಳಿಯನ್ನೂ ಮರುವರ್ಷ 18ನೇ ತಳಿಯನ್ನೂ ಗಡ್ಡೆಯಲ್ಲಿ ತೋರಿಸಿದರು, 2008ರಲ್ಲಿ ನೊಬೆಲ್ ಪಡೆದರು. ಸೋಂಕು ತಗುಲಿದ ಬಹುಪಾಲು ಹೆಂಗಸರಲ್ಲಿ ಎರಡು ವರ್ಷದೊಳಗೆ ವೈರಸ್ ತಾನಾಗಿ ಹೋಗುತ್ತದೆ. ಹೋಗದೆ ಉಳಿದವರಿಗೆ ತೊಂದರೆ. ಲಸಿಕೆ 2006ರಲ್ಲಿ ಬಂತು. 12-13ನೇ ವಯಸ್ಸಿನಲ್ಲಿ ಲಸಿಕೆ ಹಾಕಿಸಿಕೊಂಡ ಇಂಗ್ಲೆಂಡಿನ ಹುಡುಗಿಯರಲ್ಲಿ ಈ ಕ್ಯಾನ್ಸರ್ 87% ಕಡಿಮೆಯಾಗಿದೆ ಅಂತ 2021ರ ವರದಿ. ಸ್ಕಾಟ್ಲೆಂಡಿನಲ್ಲಿ ಅದೇ ವಯಸ್ಸಿಗೆ ಹಾಕಿಸಿಕೊಂಡವರಲ್ಲಿ ಒಂದೇ ಒಂದು ಕೇಸೂ ಸಿಕ್ಕಿಲ್ಲ ಅಂತ 2024ರ ವರದಿ.

ಈ ಲಸಿಕೆಯ ಚರಿತ್ರೆಯಲ್ಲಿ ಭಾರತದ್ದೂ ಒಂದು ಪಾಲಿದೆ, ಅದು ಯಾರೂ ಅಂದುಕೊಂಡಂತೆ ನಡೆದದ್ದಲ್ಲ. 2009ರಲ್ಲಿ ನಮ್ಮ ದೇಶದ ಒಂಬತ್ತು ಕಡೆ ದೊಡ್ಡ ಅಧ್ಯಯನ ಶುರುವಾಯಿತು. ಮೂರು ಡೋಸ್ ಬೇಕಾ, ಎರಡು ಸಾಕಾ ಎಂಬುದು ಪ್ರಶ್ನೆ. 20,000 ಹುಡುಗಿಯರನ್ನು ಸೇರಿಸಿಕೊಳ್ಳಬೇಕಿತ್ತು. ಅಷ್ಟರಲ್ಲಿ ಆಂಧ್ರ ಮತ್ತು ಗುಜರಾತಿನಲ್ಲಿ ನಡೆಯುತ್ತಿದ್ದ ಬೇರೆಯದೇ ಯೋಜನೆಯೊಂದರಲ್ಲಿ ಲಸಿಕೆ ಪಡೆದ ಕೆಲವು ಹುಡುಗಿಯರು ಸತ್ತರು. ಸಾವಿಗೆ ಲಸಿಕೆ ಕಾರಣ ಅಲ್ಲ ಅಂತ ಆಮೇಲೆ ತನಿಖೆಯಲ್ಲಿ ಬಂತು. ಆದರೆ ತಂದೆತಾಯಿಗಳ ಒಪ್ಪಿಗೆ ಪಡೆದ ರೀತಿ ಸರಿ ಇರಲಿಲ್ಲ ಅಂತಲೂ ಬಂತು. ಅದು ಸಣ್ಣ ತಪ್ಪೇನಲ್ಲ. 2010ರಲ್ಲಿ ಸರ್ಕಾರ ಎಚ್‌ಪಿವಿ ಲಸಿಕೆಯ ಅಧ್ಯಯನಗಳನ್ನೆಲ್ಲ ನಿಲ್ಲಿಸಿತು. ಇನ್ನೂ ಎರಡನೆಯ ಡೋಸ್ ಆಗಬೇಕಿದ್ದ ಸುಮಾರು 5,000 ಹುಡುಗಿಯರು ಒಂದೇ ಡೋಸಿಗೆ ನಿಂತರು.

ಸಂಶೋಧಕರು ಕೈ ಚೆಲ್ಲಲಿಲ್ಲ. ಆ ಹುಡುಗಿಯರು ದೊಡ್ಡವರಾಗಿ, ಮದುವೆಯಾಗುವವರೆಗೂ ಬೆನ್ನು ಬಿಡದೆ ಪರೀಕ್ಷೆ ಮಾಡುತ್ತಾ ಬಂದರು. ಹತ್ತು ವರ್ಷದ ಲೆಕ್ಕ 2021ರಲ್ಲಿ ಪ್ರಕಟವಾಯಿತು. 16 ಮತ್ತು 18ನೇ ತಳಿಯ ವೈರಸ್ ಮೈಯಲ್ಲಿ ಬೇರೂರದಂತೆ ತಡೆಯುವುದರಲ್ಲಿ ಒಂದು ಡೋಸ್ ಸುಮಾರು 95% ಕೆಲಸ ಮಾಡಿತ್ತು. ಮೂರು ಡೋಸಿಗೂ ಅದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ. ಕೀನ್ಯಾದಂಥ ಕಡೆಯ ಅಧ್ಯಯನಗಳೂ ಜೊತೆಗೂಡಿ, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಳೆಯ ಹುಡುಗಿಯರಿಗೆ ಒಂದೇ ಡೋಸ್ ಆದರೂ ಆಗುತ್ತದೆ ಅಂದಿತು. ಬಡ ದೇಶಗಳಿಗೆ ಖರ್ಚು ಎಷ್ಟು ಇಳಿಯಿತು ಲೆಕ್ಕ ಹಾಕಿ. ನಮ್ಮದೇ ಆದ ಸರ್ವಾವ್ಯಾಕ್ ಲಸಿಕೆಗೂ ಅದೇ ವರ್ಷ ಅನುಮತಿ ಸಿಕ್ಕಿತು.

ವೈರಸ್ಸನ್ನು ಔಷಧಿಯಾಗಿ ಬಳಸುವುದೂ ಉಂಟು. ಅದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಸುದ್ದಿ ಆಗುವಷ್ಟು ಫಲ ಇನ್ನೂ ಬಂದಿಲ್ಲ. ತುಟಿಯ ಮೇಲೆ ಜ್ವರದ ಗುಳ್ಳೆ ಬರಿಸುವ ಹರ್ಪಿಸ್ ವೈರಸ್ಸಿನ ಕೆಲವು ಜೀನ್ ತೆಗೆದು, ರೋಗನಿರೋಧಕ ಕೋಶಗಳನ್ನು ಕರೆಯುವ ಒಂದು ಜೀನ್ ಸೇರಿಸಿ, ಚರ್ಮದ ಮೆಲನೋಮಾ ಗಡ್ಡೆಗೆ ಚುಚ್ಚುತ್ತಾರೆ. ಆರೋಗ್ಯದ ಕೋಶ ಅದನ್ನು ಹತ್ತಿಕ್ಕುತ್ತದೆ. ಕ್ಯಾನ್ಸರ್ ಕೋಶಕ್ಕೆ ಆ ಶಕ್ತಿ ಕಡಿಮೆ, ಒಡೆದುಹೋಗುತ್ತದೆ. ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಗಡ್ಡೆ ಕರಗಿ ಆರು ತಿಂಗಳಾದರೂ ಹಾಗೇ ಉಳಿದದ್ದು ನೂರಕ್ಕೆ 16 ಜನರಲ್ಲಿ. ಕಡಿಮೆಯೇನಲ್ಲ, ಪವಾಡವೂ ಅಲ್ಲ.

ವೈರಸ್ಸಿನ ಇನ್ನೊಂದು ಉಪಯೋಗ ಹೆಚ್ಚು ಫಲ ಕೊಟ್ಟಿದೆ. ಎಚ್‌ಐವಿ ಗುಂಪಿನ ವೈರಸ್ಸಿನ ಹಲ್ಲು ಕಿತ್ತು, ಜೀನ್ ಸಾಗಿಸುವುದಕ್ಕೆ ಮಾತ್ರ ಬಳಸುತ್ತಾರೆ. ರೋಗಿಯ ಟಿ ಕೋಶಗಳನ್ನೇ (ಇವೂ ಒಂದು ಬಗೆಯ ಬಿಳಿ ರಕ್ತಕಣಗಳು) ತೆಗೆದು, ಅವುಗಳಿಗೆ ಕ್ಯಾನ್ಸರ್ ಗುರುತಿಸುವ ಜೀನ್ ಕೊಟ್ಟು ವಾಪಸ್ ಮೈಗೆ ಬಿಡುತ್ತಾರೆ. ಕಾರ್-ಟಿ ಚಿಕಿತ್ಸೆ ಅಂತಾರೆ. ಕೆಲವು ರಕ್ತದ ಕ್ಯಾನ್ಸರುಗಳಿಗೆ ಮಾತ್ರ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರು ಸೇರಿ ಮಾಡಿದ್ದಕ್ಕೆ 2023ರಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯೂನೀಲ್ ಕೂಡ ಒಂದನ್ನು ತಂದಿದೆ. ಅಮೆರಿಕದ ಬೆಲೆಗೆ ಹೋಲಿಸಿದರೆ ಇದು ಬಹಳ ಅಗ್ಗ, ನಮ್ಮ ಜೇಬಿಗೆ ಹೋಲಿಸಿದರೆ ಅಲ್ಲ.

ಅಗ್ಗದ ಮಾತು ಬಂದದ್ದಕ್ಕೆ ಇನ್ನೊಂದು ಹೇಳಲೇಬೇಕು. ನಿವೊಲುಮ್ಯಾಬ್ ಎಂಬ ದುಬಾರಿ ಇಮ್ಯುನೋಥೆರಪಿ ಔಷಧಿಯನ್ನು (ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧಿ) ಸಾಮಾನ್ಯವಾಗಿ 240 ಮಿಲಿಗ್ರಾಂ ಕೊಡುತ್ತಾರೆ. ಟಾಟಾ ಸ್ಮಾರಕ ಆಸ್ಪತ್ರೆಯವರು ಬಾಯಿ, ಗಂಟಲು ಕ್ಯಾನ್ಸರ್ ಮುಂದುವರಿದ ರೋಗಿಗಳಿಗೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಬೇರೆ ಅಗ್ಗದ ಮಾತ್ರೆಗಳ ಜೊತೆ ಅಷ್ಟು ಸೇರಿಸಿದ್ದಕ್ಕೇ ಒಂದು ವರ್ಷ ಬದುಕಿದವರ ಪಾಲು 16%ರಿಂದ 43%ಕ್ಕೆ ಏರಿತು. ಕಂಪನಿಗಳು ಇಂಥ ಪ್ರಶ್ನೆ ಕೇಳುವುದಿಲ್ಲ. ಕಡಿಮೆ ಔಷಧಿ ಸಾಕಾ ಅಂತ ಕೇಳಿ ಅವರಿಗೇನು ಲಾಭ?

ಇನ್ನು ಊಟ. ಬರ್ಕಿಟ್ ಅವರನ್ನು ಉಗಾಂಡಾದಲ್ಲೇ ಬಿಟ್ಟು ಬಂದೆವು. ಅವರು 1966ರಲ್ಲಿ ಇಂಗ್ಲೆಂಡಿಗೆ ವಾಪಸ್ ಬಂದರು. ಹಳೇ ಅಭ್ಯಾಸ ಬಿಡಲಿಲ್ಲ: ಯಾವ ಕಾಯಿಲೆ ಎಲ್ಲಿದೆ, ಎಲ್ಲಿಲ್ಲ? ಇಂಗ್ಲೆಂಡಿನಲ್ಲಿ ಮನೆಮನೆಗೂ ಗೊತ್ತಿರುವ ದೊಡ್ಡ ಕರುಳಿನ ಕ್ಯಾನ್ಸರ್, ಮೂಲವ್ಯಾಧಿ, ಅಪೆಂಡಿಸೈಟಿಸ್ ಉಗಾಂಡಾದ ಹಳ್ಳಿಗಳಲ್ಲಿ ಅಪರೂಪ. ಯಾಕೆ? ಅವರು ನಾರು ಜಾಸ್ತಿ ತಿನ್ನುತ್ತಾರೆ ಅಂದರು. ಜಗತ್ತಿನ ಡಾಕ್ಟರುಗಳಿಗೆಲ್ಲ ಪತ್ರ ಬರೆದು ಮಲದ ತೂಕ ಕೇಳಿದರು. ಭಾಷಣಗಳಲ್ಲಿ ಅದರ ಫೋಟೋಗಳನ್ನೂ ತೋರಿಸುತ್ತಿದ್ದರು. ಹೆದರಬೇಡಿ, ನಾನು ತಂದಿಲ್ಲ.

ಪರೀಕ್ಷಿಸಿದಾಗ ಏನಾಯಿತು? 2000ದಲ್ಲಿ ಎರಡು ಅಮೆರಿಕನ್ ಅಧ್ಯಯನಗಳು ಬಂದವು. ಕರುಳಿನ ಪಾಲಿಪ್ (ಮುಂದೆ ಕ್ಯಾನ್ಸರ್ ಆಗಬಹುದಾದ ಸಣ್ಣ ಗಂಟು) ತೆಗೆಸಿಕೊಂಡವರಿಗೆ ಕೆಲವು ವರ್ಷ ನಾರು ಹೆಚ್ಚು ಕೊಟ್ಟರು, ಒಂದರಲ್ಲಿ ಗೋಧಿ ತೌಡು. ಪಾಲಿಪ್ ಮತ್ತೆ ಬರುವುದು ಕಡಿಮೆಯಾಗಲಿಲ್ಲ. ಪತ್ರಿಕೆಗಳು ನಾರಿನ ಕತೆ ಮುಗಿಯಿತು ಅಂದವು. ಆದರೆ ಈ ಕ್ಯಾನ್ಸರ್ ಬಲಿಯಲು ಹತ್ತಾರು ವರ್ಷ ಬೇಕು, ಮೂರು ನಾಲ್ಕು ವರ್ಷದ ತೌಡು ಏನು ಮಾಡೀತು? 2015ರಲ್ಲಿ ಇನ್ನೊಂದು ಜಾಣ ಪ್ರಯೋಗ ಪ್ರಕಟವಾಯಿತು. ಪಿಟ್ಸ್‌ಬರ್ಗಿನ 20 ಆಫ್ರಿಕನ್ ಅಮೆರಿಕನ್ನರು, ದಕ್ಷಿಣ ಆಫ್ರಿಕಾದ ಹಳ್ಳಿಯ 20 ಜನ. ಎರಡು ವಾರ ಊಟ ಅದಲುಬದಲು. ಹಳ್ಳಿಯವರಿಗೆ ಬರ್ಗರ್, ಸಾಸೇಜ್. ಅಮೆರಿಕದವರಿಗೆ ಹುರುಳಿ ಜಾತಿಯ ಕಾಳು, ಮೆಕ್ಕೆಜೋಳದ ಅಂಬಲಿ, ತರಕಾರಿ. ಕರುಳಿನ ಬ್ಯಾಕ್ಟೀರಿಯಾ ನಾರನ್ನು ಹುದುಗಿಸಿ ಬ್ಯುಟಿರೇಟ್ ಎಂಬುದನ್ನು ಮಾಡುತ್ತವೆ. ಕರುಳಿನ ಒಳಪದರಕ್ಕೆ ಅದೇ ಆಹಾರ, ಉರಿಯೂತವನ್ನೂ ತಗ್ಗಿಸುತ್ತದೆ. ಅಮೆರಿಕದವರಲ್ಲಿ ಅದು ಎರಡೂವರೆ ಪಟ್ಟಾಯಿತು, ಹಳ್ಳಿಯವರಲ್ಲಿ ಅರ್ಧವಾಯಿತು. ಎರಡೇ ವಾರದಲ್ಲಿ! ಕ್ಯಾನ್ಸರ್ ತಪ್ಪಿತು ಅಂತ ಇದರಿಂದ ಹೇಳಲಾಗದು. ದಾರಿ ಯಾವ ಕಡೆಗಿದೆ ಅಂತ ಹೇಳಬಹುದು. ರಾಗಿ, ಜೋಳ, ಕಾಳು ತಿನ್ನುವವರು ಧೈರ್ಯವಾಗಿ ತಿನ್ನಿ. ಔಷಧಿ ಅಂತ ಮಾತ್ರ ತಿನ್ನಬೇಡಿ.

ಯಾಕೆ ಹಾಗಂದೆ ಅಂದರೆ, ಊಟದ ಒಂದು ಅಂಶವನ್ನು ಎತ್ತಿ ಮಾತ್ರೆ ಮಾಡಿದಾಗ ಏನಾಗುತ್ತದೆ ಅಂತ ಒಮ್ಮೆ ನೋಡಿಯಾಗಿದೆ. ಕ್ಯಾರೆಟ್, ಸೊಪ್ಪು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ಗೊತ್ತಿತ್ತು. ಫಿನ್‌ಲೆಂಡಿನಲ್ಲಿ 29,133 ಮಂದಿ ಸಿಗರೇಟ್ ಸೇದುವ ಗಂಡಸರನ್ನು ಸೇರಿಸಿ, ಒಂದು ಭಾಗಕ್ಕೆ ಆ ತರಕಾರಿಗಳಲ್ಲಿರುವ ಬೀಟಾ ಕ್ಯಾರೋಟಿನ್ ಎಂಬ ಅಂಶದ ಮಾತ್ರೆ ಕೊಟ್ಟರು. 1994ರಲ್ಲಿ ಫಲಿತಾಂಶ ಬಂತು. ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ! ನಂಬಲಾಗದೆ ಅಮೆರಿಕದ ಇನ್ನೊಂದು ಅಧ್ಯಯನದ ಕಡೆ ನೋಡಿದರು. ಅಲ್ಲಿ 28% ಜಾಸ್ತಿ. ಅದನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು.

ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಉಪವಾಸ ಸಾಯುತ್ತದೆ ಅನ್ನುವುದೂ ಇದೇ ಸಾಲಿನದು. 2018ರಲ್ಲಿ ಅಮೆರಿಕದ ಸಂಶೋಧಕರಾದ ಲೂಯಿಸ್ ಕ್ಯಾಂಟ್ಲಿ, ಸಿದ್ಧಾರ್ಥ ಮುಖರ್ಜಿ ಮತ್ತು ಸಂಗಡಿಗರು ಇಲಿಗಳಲ್ಲಿ ಇದನ್ನು ನೋಡಿದರು. ಒಂದು ಬಗೆಯ ಔಷಧಿ ಇನ್ಸುಲಿನ್ ಏರಿಸಿ ತನ್ನ ಕೆಲಸವನ್ನು ತಾನೇ ಕೆಡಿಸಿಕೊಳ್ಳುತ್ತಿತ್ತು. ಅನ್ನ, ಸಕ್ಕರೆ ಇಲ್ಲದ, ಕೊಬ್ಬು ಜಾಸ್ತಿ ಇರುವ ಕೀಟೋ ಊಟ ಕೊಟ್ಟಾಗ ಔಷಧಿ ಚೆನ್ನಾಗಿ ನಡೆಯಿತು. ಆದರೆ ರಕ್ತದ ಕ್ಯಾನ್ಸರ್ ಇದ್ದ ಇಲಿಗಳಿಗೆ ಔಷಧಿ ಇಲ್ಲದೆ ಆ ಊಟ ಒಂದನ್ನೇ ಕೊಟ್ಟಾಗ ಕಾಯಿಲೆ ಇನ್ನೂ ಬೇಗ ಬೆಳೆಯಿತು. ಕೀಮೋ ನಡೆಯುವಾಗ ಪಕ್ಕದ ಮನೆಯವರ ಮಾತು ಕೇಳಿ ಅನ್ನ ಬಿಡುವವರು ಇದನ್ನು ನೆನಪಿಟ್ಟುಕೊಳ್ಳಿ.

ಮಲೆನಾಡಿನವರಿಗೆ ಬೇಸರವಾಗಬಹುದು, ಆದರೂ ಹೇಳದೆ ಹೋದರೆ ಈ ಮಾತು ಅರ್ಧವಾದೀತು. ಅಡಿಕೆ. ದೇಶದಲ್ಲಿ ಅತಿ ಹೆಚ್ಚು ಬೆಳೆಯುವವರು ನಾವೇ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎರಡು ದಶಕದ ಹಿಂದೆಯೇ ಖಚಿತ ಕ್ಯಾನ್ಸರ್ ಕಾರಕಗಳ ಪಟ್ಟಿಗೆ ಸೇರಿಸಿದೆ. ಬಾಯಿ ಬಿಗಿದುಕೊಂಡು ತೆರೆಯಲಾಗದ ಸ್ಥಿತಿ ತರುವುದು ಮುಖ್ಯವಾಗಿ ಅಡಿಕೆಯೇ. ಊಟವಾದ ಮೇಲಿನ ಒಂದು ಎಲೆ ಅಡಿಕೆಯೂ ದಿನವಿಡೀ ದವಡೆಯಲ್ಲಿ ಕೂರುವ ಗುಟ್ಕಾವೂ ಒಂದೇ ಅಂತ ನಾನು ಹೇಳುತ್ತಿಲ್ಲ. ಎಷ್ಟು, ಎಷ್ಟು ಹೊತ್ತು, ಯಾವುದರ ಜೊತೆ ಅನ್ನುವುದು ಇಲ್ಲೂ ಮುಖ್ಯ. ಗುಟ್ಕಾವನ್ನು ಕರ್ನಾಟಕ 2013ರಲ್ಲಿ ನಿಷೇಧಿಸಿತು. ಈಗ ಅಂಗಡಿಯಲ್ಲಿ ಪಾನ್ ಮಸಾಲಾ ಒಂದು ಪೊಟ್ಟಣ, ಹೊಗೆಸೊಪ್ಪು ಇನ್ನೊಂದು ಪೊಟ್ಟಣ. ಬೆರೆಸಿಕೊಳ್ಳುವ ಕೆಲಸ ಗಿರಾಕಿಗೆ.

ಕೊನೆಗೆ ಬಂದ ಪ್ರಶ್ನೆಗಳು.

ಒಬ್ಬರು ಲಕ್ಷ್ಮಣಫಲದ ಬಗ್ಗೆ ಕೇಳಿದರು, ಮನೆ ಹಿತ್ತಿಲಲ್ಲಿ ಗಿಡ ಇದೆಯಂತೆ. ಗಾಜಿನ ತಟ್ಟೆಯಲ್ಲಿ ಅದರ ಸಾರ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದು ನಿಜ. ತಟ್ಟೆಯಲ್ಲಿ ಬ್ಲೀಚಿಂಗ್ ಪುಡಿಯೂ ಕೊಲ್ಲುತ್ತದೆ. ಮನುಷ್ಯರಲ್ಲಿ ಕ್ಯಾನ್ಸರ್ ವಾಸಿಯಾದ ಪುರಾವೆ ಇಲ್ಲ. ಗ್ವಾಡಲೂಪ್ ದ್ವೀಪದಲ್ಲಿ ಇದರ ಹಣ್ಣು, ಎಲೆ ಕಷಾಯ ಹೆಚ್ಚು ಬಳಸುವವರಲ್ಲಿ ಪಾರ್ಕಿನ್ಸನ್ ತರಹದ ನಡುಕದ ಕಾಯಿಲೆ ಕಂಡಿದೆ. ಹಣ್ಣು ಯಾವಾಗಲಾದರೂ ತಿನ್ನಿ. ಎಲೆ ಕುದಿಸಿ ದಿನಾ ಕುಡಿಯಬೇಡಿ ಅಂದೆ.

ಇನ್ನೊಬ್ಬ ತಾಯಿ, ಮಗಳಿಗೆ 16 ಆಯ್ತು, ಲಸಿಕೆ ತಡವಾಯ್ತಾ ಅಂದರು. ತಡವಾಗಿಲ್ಲ. 9ರಿಂದ 14 ಒಳ್ಳೆಯ ವಯಸ್ಸು, ಸೋಂಕು ತಗುಲುವ ಮುಂಚೆ ಹಾಕಿಸಬೇಕೆಂಬುದಷ್ಟೇ ಕಾರಣ. ಎಷ್ಟು ಡೋಸ್ ಅಂತ ಡಾಕ್ಟರನ್ನು ಕೇಳಿ.

"ನನಗೆ?" ಅಂದರು ಅವರೇ. ನಲವತ್ತು ದಾಟಿರಬೇಕು. ಅವರ ವಯಸ್ಸಿಗೆ ಲಸಿಕೆಗಿಂತ ಪರೀಕ್ಷೆ ಮುಖ್ಯ. ಮುಂಬೈ ಕೊಳೆಗೇರಿಗಳಲ್ಲಿ ಹತ್ತನೇ ತರಗತಿ ಓದಿದ ಹೆಂಗಸರಿಗೆ ನಾಲ್ಕು ವಾರ ತರಬೇತಿ ಕೊಟ್ಟು, ಗರ್ಭಕೊರಳಿಗೆ ವಿನೆಗರ್ ಸವರಿ ನೋಡುವುದನ್ನು ಕಲಿಸಿದರು. ಕೆಟ್ಟ ಜಾಗ ಬೆಳ್ಳಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಇಷ್ಟೇ ಮಾಡಿದ್ದಕ್ಕೆ ಸಾವು 31% ಇಳಿಯಿತು. 30 ದಾಟಿದವರಿಗೆ ಈ ಪರೀಕ್ಷೆ, ಬಾಯಿ ಮತ್ತು ಸ್ತನದ ಪರೀಕ್ಷೆ ಸರ್ಕಾರಿ ಆರೋಗ್ಯ ಕಾರ್ಯಕ್ರಮದಲ್ಲೇ ಇವೆ, ದುಡ್ಡು ಕೊಡಬೇಕಿಲ್ಲ. ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಯಾವ ದಿನ ಎಲ್ಲಿ ಅಂತ ಹೇಳುತ್ತಾರೆ. ಸಭೆಯಲ್ಲೇ ಇದ್ದ ಆಶಾ ಒಬ್ಬರು ಎದ್ದು ನಿಂತು, "ನಾವು ಮನೆಮನೆಗೆ ಹೋಗಿ ಕರೀತೀವಿ ಸಾರ್, ಯಾರೂ ಬರಲ್ಲ" ಅಂದರು. ಆಮೇಲಿನ ಹತ್ತು ನಿಮಿಷ ಮೈಕು ಅವರ ಕೈಯಲ್ಲೇ ಇತ್ತು.